ಗೋರಲ್ ಹುಡುಕಿಕೊಂಡು ಹೋದಾಗ

ನಮ್ಮ ಶಿರಸಿ ಕಡೆ ಕಾಡುಕುರಿ ಅಂದರೆ ಕುರಿಯಲ್ಲ, ಬೊಗಳುವ ಪುಟ್ಟ ಜಿಂಕೆ. ಕುರಿ-ಮೇಕೆಗಳ ನಿಜವಾದ ಕಾಡುನೆಂಟರು ನಮ್ಮ ಜಿಲ್ಲೆಯಲ್ಲಿಲ್ಲ. ಅಂಥದ್ದೊಂದನ್ನು ಅದರ ಬೆಟ್ಟದಲ್ಲೇ ನೋಡಬೇಕೆಂದು ಅಕ್ಟೋಬರಿನಲ್ಲಿ, ಅಡಿಕೆಯ ಕೊನೆಕೊಯ್ಲು ಶುರುವಾಗುವ ಮೊದಲು, ಭಾವನ ಜೊತೆ ಉತ್ತರಾಖಂಡದ ಚೋಪ್ತಾಕ್ಕೆ ಹೋದೆ. ಹುಡುಕಿದ್ದು ಹಿಮಾಲಯದ ಗೋರಲ್. ಅಲ್ಲಿಯವರ ಬಾಯಲ್ಲಿ ಘುರಡ್.

ಮೊದಲೆರಡು ದಿನ ದಂಡವಾಯಿತು. ನಮ್ಮೂರಿನ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ತಿರುಗಿದ ರೂಢಿಯಂತೆ ಮರಗಳ ನಡುವೆ ಕಿವಿಗೊಟ್ಟು ನಡೆದೆವು. ನಮ್ಮಲ್ಲಿ ಹತ್ತು ಮಾರಿನಾಚೆ ಏನೂ ಕಾಣುವುದಿಲ್ಲವಲ್ಲ, ಕೇಳಿಸಿಕೊಂಡೇ ಪ್ರಾಣಿ ಹುಡುಕಬೇಕು. ಗೋರಲ್‌ಗೆ ಬೇಕಾದದ್ದು ಬೇರೆ: ಹುಲ್ಲು, ಬಂಡೆ, ಅಲ್ಲೊಂದು ಇಲ್ಲೊಂದು ಮರ ಇರುವ ಕಡಿದಾದ ಇಳಿಜಾರು. ಸುಮಾರು 900ರಿಂದ 4,000 ಮೀಟರ್ ಎತ್ತರದವರೆಗೂ ಅದು ಇರುತ್ತದೆ. ಅಪಾಯ ಕಂಡರೆ ಓಡುವುದು ಆ ಕಡಿದಾದ ಬಂಡೆಗಳ ಕಡೆಗೇ.

ಮೂರನೇ ದಿನ ನಡೆಯುವುದನ್ನೇ ಬಿಟ್ಟೆವು. ಬೆಳಕು ಹರಿಯುವ ಮೊದಲೇ ಕಣಿವೆಯ ಈಚೆ ಕೂತು, ಎದುರಿನ ಇಳಿಜಾರನ್ನು ದುರ್ಬೀನಿನಲ್ಲಿ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ನೋಡಿದೆವು. ಗೋರಲ್ ಮೇಯುವುದು ಹೆಚ್ಚಾಗಿ ಬೆಳಗ್ಗೆ, ಸಂಜೆ. ಬಿಸಿಲೇರಿದ ಮೇಲೆ ಬಂಡೆಯ ಅಂಚಿನಲ್ಲಿ ಮಲಗಿಬಿಟ್ಟರೆ ಅದೂ ಬಂಡೆಯೇ.

"ಭಾವ, ಅಲ್ನೋಡು, ಎಂತದೋ ಬೆಳ್ಳಗೆ ಕಾಣ್ತು."

ಅದು ಗಂಟಲಿನ ಬಿಳಿ ಮಚ್ಚೆ. ಅದನ್ನು ಹಿಡಿದ ಮೇಲೆ ಉಳಿದದ್ದು ಒಂದೊಂದಾಗಿ ಮೂಡಿತು: ಬೂದುಗಂದು ಮೈ, ಹಿಂದಕ್ಕೆ ಬಾಗಿದ ಗೇಣಿಗಿಂತ ಚಿಕ್ಕ ಕೊಂಬು, ಮೆಲುಕು ಹಾಕುವ ದವಡೆ. ಭುಜದೆತ್ತರ 60-70 ಸೆಂಟಿಮೀಟರ್ ಅಷ್ಟೇ, ಮನೆಯ ಮೇಕೆಯಷ್ಟು. ಕೊಂಬಿದ್ದ ಮಾತ್ರಕ್ಕೆ ಗಂಡು ಎನ್ನುವಂತಿಲ್ಲ. ಕಾಡುಕುರಿಯಲ್ಲಿ ಗಂಡಿಗೆ ಮಾತ್ರ ಕೊಂಬು, ಅದೂ ಉದುರಿ ಮತ್ತೆ ಬರುತ್ತದೆ. ಗೋರಲ್‌ನಲ್ಲಿ ಹೆಣ್ಣಿಗೂ ಇದೆ, ಜೀವಮಾನವಿಡೀ ಉಳಿಯುತ್ತದೆ.

ಮುಕ್ಕಾಲು ಗಂಟೆ ಅದು ಅಲುಗಲಿಲ್ಲ, ನಾವೂ ಅಲುಗಲಿಲ್ಲ. ಆಮೇಲೆ ಗಾಳಿ ತಿರುಗಿತು. ಸೀನಿದ ಹಾಗೆ ಒಂದು ಚುರುಕು ಸದ್ದು, ಕಣಿವೆ ದಾಟಿ ಸ್ಪಷ್ಟವಾಗಿ ಬಂತು. ಗೋರಲ್ ಎಚ್ಚರಿಸುವುದೇ ಹೀಗೆ. ಆದರೆ ನಾನು ನೋಡುತ್ತಿದ್ದದ್ದು ಬಾಯಿ ಬಿಟ್ಟಿರಲಿಲ್ಲ, ಮೂಗೂ ಅಲುಗಿರಲಿಲ್ಲ. ಸದ್ದು ಬಂದದ್ದು ಅದರ ಎಡಕ್ಕೆ, ಕೆಳಗಿನಿಂದ. ದುರ್ಬೀನು ಅತ್ತ ತಿರುಗಿಸಿದರೆ ಹುಲ್ಲಿನಲ್ಲಿ ಇನ್ನೊಂದು ನಿಂತಿತ್ತು, ಅದರ ಹೊಟ್ಟೆಯ ಮಗ್ಗುಲಲ್ಲಿ ಆ ವರ್ಷದ ಮರಿ. ಎರಡು ದಿನ ಉಪಯೋಗಕ್ಕೆ ಬಾರದ ಕಿವಿ ಅವತ್ತು ಆ ಮರಿಯನ್ನು ತೋರಿಸಿತು.

ಮೂರೂ ಬಂಡೆ ಏರಿ ಮರೆಯಾದವು. ಅವುಗಳ ಗೊರಸಿಗೆ ಕಿತ್ತ ಸಣ್ಣ ಕಲ್ಲುಗಳು ಉರುಳುವ ಸದ್ದು ನಿಲ್ಲುವವರೆಗೂ ಕೂತೇ ಇದ್ದೆವು.