ನೂರು ಟನ್ನಿನ ಸರಕಿಗೆ ದಾರಿ ಹುಡುಕುವುದು ಹೇಗೆ?

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ನೂರು ಟನ್ ತೂಕದ ಟ್ರಾನ್ಸ್‌ಫಾರ್ಮರ್ ಇಳಿದಿದೆ, ಅದು ಹಾಸನ ಸೇರಬೇಕು ಎಂದಿಟ್ಟುಕೊಳ್ಳಿ. ಮೊಬೈಲ್ ತೋರಿಸುವ ದಾರಿ ಕಾರಿಗೆ ಸಾಕು. ಇಂಥ ಸರಕಿನ ದಾರಿಯನ್ನು ಕಿಲೋಮೀಟರ್ ತೀರ್ಮಾನಿಸುವುದಿಲ್ಲ. ಅತಿ ದುರ್ಬಲ ಸೇತುವೆ, ಅತಿ ತಗ್ಗಿನ ತಂತಿ, ಅತಿ ಇಕ್ಕಟ್ಟಿನ ತಿರುವು ಎಲ್ಲಿದೆ ಎಂಬುದೇ ತೀರ್ಮಾನಿಸುತ್ತದೆ.

ಮೊದಲ ಕೆಲಸ ಅಳತೆ. ಸರಕನ್ನು ಟ್ರೇಲರ್ ಮೇಲೆ ಕೂರಿಸಿದಾಗ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. 4 ಮೀಟರ್ ಎತ್ತರದ ಟ್ರಾನ್ಸ್‌ಫಾರ್ಮರ್ ಹೈಡ್ರಾಲಿಕ್ ಟ್ರೇಲರ್ ಏರಿತೆಂದರೆ ನೆಲದಿಂದ 5 ಮೀಟರ್ ದಾಟುತ್ತದೆ. ಮೋಟಾರು ವಾಹನ ನಿಯಮದ ಪ್ರಕಾರ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ. ಟ್ರೇಲರ್ ಜೋಡಿಸಿದ ವಾಹನದ ಒಟ್ಟು ತೂಕಕ್ಕೆ 2018ರ ತಿದ್ದುಪಡಿಯ ಬಳಿಕ 55 ಟನ್ ಮಿತಿ ಇದೆ. ಅದರಾಚೆಗೆ ವಿಶೇಷ ಅನುಮತಿ ಬೇಕೇ ಬೇಕು.

ಒಟ್ಟು ತೂಕದಷ್ಟೇ ಮುಖ್ಯವಾದದ್ದು ಅದು ಹೇಗೆ ಹಂಚಿಹೋಗುತ್ತದೆ ಎಂಬುದು. ಹತ್ತು ಆಕ್ಸಲ್ ಸಾಲಿನ (ಒಂದರ ಹಿಂದೊಂದು ಹತ್ತು ಸಾಲು ಚಕ್ರಗಳಿರುವ) ಟ್ರೇಲರ್‌ನ ಸ್ವಂತ ತೂಕ 40 ಟನ್ ಎಂದುಕೊಂಡರೆ, ಸರಕು ಸೇರಿ ಸಾಲಿಗೆ 14 ಟನ್ ಬೀಳುತ್ತದೆ. ಸಾಲು ಹೆಚ್ಚಿಸಿದರೆ ಸೇತುವೆಗೆ ಹಗುರ. ಆದರೆ ಟ್ರೇಲರ್ ಉದ್ದವಾಗಿ ಘಾಟಿಯ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಈ ಎರಡರ ನಡುವಿನ ಹೊಂದಾಣಿಕೆಯೇ ಈ ಕೆಲಸದ ಜೀವಾಳ.

ಇನ್ನು ದಾರಿ. ಬಂದರಿನಿಂದ ಕೂಳೂರು, ಕೊಟ್ಟಾರ ಚೌಕಿ, ನಂತೂರು, ಪಡೀಲ್ ಮೂಲಕ ಬಿ.ಸಿ.ರೋಡ್, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 75 ಹಿಡಿದು ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ. ಚಾರ್ಮಾಡಿ, ಆಗುಂಬೆಗಳ ಹೇರ್‌ಪಿನ್ ತಿರುವುಗಳನ್ನು ಉದ್ದದ ಟ್ರೇಲರ್‌ಗೆ ಯೋಚಿಸುವುದೂ ಬೇಡ. ಉಡುಪಿ ಕಡೆಯಿಂದ ಬರುವ ಸರಕಾದರೆ ಮೂಲ್ಕಿಯ ಶಾಂಭವಿ, ಉದ್ಯಾವರ ನದಿಗಳ ಸೇತುವೆಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಸೇತುವೆಯ ವಿಷಯದಲ್ಲಿ ಊಹೆಗೆ ಜಾಗವೇ ಇಲ್ಲ. ಕೂಳೂರಿನಲ್ಲಿ ಫಲ್ಗುಣಿ ನದಿಗೆ ಹಳೆಯ ಕಮಾನು ಸೇತುವೆಯೂ ಇದೆ, ಆಮೇಲೆ ಕಟ್ಟಿದ್ದೂ ಇದೆ. ಯಾವುದರ ಮೇಲೆ ಹೋಗಬೇಕೆಂದು ಹೇಳಬೇಕಾದವರು ಸೇತುವೆ ಎಂಜಿನಿಯರ್. ಚಾಲಕರೂ ಅಲ್ಲ, ಸರಕಿನ ಮಾಲೀಕರೂ ಅಲ್ಲ. ಅಗತ್ಯ ಬಿದ್ದರೆ ಎದುರು ದಿಕ್ಕಿನ ವಾಹನಗಳನ್ನು ತಡೆದು ಆ ಬದಿಯಿಂದಲೇ ದಾಟಿಸಬೇಕು. ರಸ್ತೆ, ಸೇತುವೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಂಥ ಭಾರಿ ಸರಕಿನ ವಿಶೇಷ ವಾಹನಕ್ಕೆ ವಿಧಿಸಿರುವ ಕ್ರಮ ಸ್ಪಷ್ಟವಾಗಿದೆ: ಸೇತುವೆ ಮೇಲೆ ಬೇರೆ ವಾಹನ ಇರಕೂಡದು, ವೇಗ ಗಂಟೆಗೆ 5 ಕಿಲೋಮೀಟರ್ ಮೀರಕೂಡದು, ನಡು ಗೆರೆ ಬಿಟ್ಟು ಹೆಚ್ಚು ಸರಿಯಕೂಡದು. ನಡುವೆ ಬ್ರೇಕ್ ಒತ್ತುವ ಸಂದರ್ಭವೂ ಬರಬಾರದು. ತುಂಬಿದ ಕೊಡವನ್ನು ಕೈಯಿಂದ ಕೈಗೆ ಮೆಲ್ಲನೆ ದಾಟಿಸುವಷ್ಟು ಜೋಪಾನ ಬೇಕು.

ತಂತಿಗಳನ್ನು ಮಧ್ಯಾಹ್ನ ಅಳೆಯಿರಿ. ಬಿಸಿಲಿಗೆ ತಂತಿ ಜೋಲುತ್ತದೆ, ಬೆಳಿಗ್ಗೆಯ ಅಳತೆ ಮೋಸ ಮಾಡುತ್ತದೆ. ಅಳತೆಗೆ ಲೇಸರ್ ಉಪಕರಣ ಬಳಸಿ, ಕೋಲು ಎತ್ತಲೇಬೇಡಿ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ತಂತಿಗೆ ತಗಲಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಸಲ ಓದಿಲ್ಲ! ತಂತಿ ಅಡ್ಡ ಬಂದರೆ ಲೈನ್ ಆಫ್ ಮಾಡಿಸಲು ದಕ್ಷಿಣ ಕನ್ನಡದಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂ. ಘಾಟಿ ಹತ್ತಿ ಹಾಸನ ಜಿಲ್ಲೆಗೆ ಕಾಲಿಟ್ಟರೆ ಕಂಪನಿ ಬೇರೆ, ಅಲ್ಲಿ ಸೆಸ್ಕ್‌ನವರನ್ನು (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಕೇಳಬೇಕು. ಈ ಗಡಿ ಮರೆತರೆ ಟ್ರೇಲರ್ ಸಕಲೇಶಪುರದ ಹತ್ತಿರ ರಾತ್ರಿಯೆಲ್ಲ ನಿಲ್ಲಬೇಕಾದೀತು.

ತಿರುವುಗಳಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡು ಹಿಡಿಯುವುದಿಲ್ಲ, ಒಳಬದಿಗೆ ಕತ್ತರಿಸುತ್ತದೆ. ಆದ್ದರಿಂದ ನಂತೂರಿನಂಥ ವೃತ್ತದಲ್ಲಿ ಡಾಂಬರಿನ ಅಗಲವನ್ನಷ್ಟೇ ನೋಡಿದರೆ ಸಾಲದು. ಕಂಬ, ಡಿವೈಡರ್, ಚರಂಡಿ ಚಪ್ಪಡಿಯನ್ನೂ ಗುರುತಿಸಿ. ಭಾರ ಚಪ್ಪಡಿ ಮೇಲೆ ಬಿದ್ದರೆ ಅದು ಒಡೆಯುತ್ತದೆ.

ಅನುಮತಿಯ ಅರ್ಜಿಯನ್ನು ರಾಷ್ಟ್ರೀಯ ಹೆದ್ದಾರಿಗಾದರೆ ಕೇಂದ್ರ ಸಾರಿಗೆ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. ನಗರ ಮತ್ತು ಜಿಲ್ಲಾ ಪೊಲೀಸರಿಗೆ ಪ್ರತ್ಯೇಕವಾಗಿ ತಿಳಿಸಿ.

ದಿನಾಂಕ ಗೊತ್ತುಮಾಡುವಾಗ ಆಕಾಶವನ್ನೂ ಪಂಚಾಂಗವನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಹಿಂದಕ್ಕೂ ಮುಂದಕ್ಕೂ ದಾರಿಯಿಲ್ಲ. ಉಡುಪಿ ಹಾದಿಯಾದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಆಸುಪಾಸು ಬೇಡ. ಜಾತ್ರೆ, ರಥೋತ್ಸವಗಳನ್ನು ಊರವರಲ್ಲೇ ವಿಚಾರಿಸಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ. ಕಾಸರಗೋಡಿನಿಂದ, ಕಾರವಾರದಿಂದ, ಘಾಟಿಯ ಮೇಲಿನಿಂದ ರೋಗಿಗಳು ಬರುವುದು ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ, ಇದೇ ಹೆದ್ದಾರಿಗಳ ಮೇಲೆ. ಟ್ರೇಲರ್ ಪಕ್ಕಕ್ಕೆ ಸರಿಯಬಲ್ಲ ಅಗಲದ ಜಾಗಗಳನ್ನು ಮೊದಲೇ ನಕಾಶೆಯಲ್ಲಿ ಗುರುತಿಸಿ, ಟ್ರೇಲರ್‌ನ ಹಿಂದೆ ಮುಂದೆ ಕಾವಲಾಗಿ ಸಾಗುವ ಪೈಲಟ್ ವಾಹನದವರ ಕೈಗೂ ಪೊಲೀಸರ ಕೈಗೂ ಒಂದೊಂದು ಪ್ರತಿ ಕೊಡಿ. ಹಿಂದಿನ ಪೈಲಟ್ ವಾಹನಕ್ಕೆ ಆಂಬುಲೆನ್ಸ್ ಕಂಡ ಕೂಡಲೇ ವಾಕಿಟಾಕಿಯಲ್ಲಿ ಮುಂದಿನವರಿಗೆ ಸುದ್ದಿ ಮುಟ್ಟಬೇಕು. ಅಂಥ ಜಾಗ ಹತ್ತಿರದಲ್ಲಿ ಇಲ್ಲದ ಶಿರಾಡಿಯ ಭಾಗವನ್ನು ಪ್ರವೇಶಿಸುವ ಮುನ್ನ ಗುಂಡ್ಯದಲ್ಲಿ ನಿಲ್ಲಿಸಿ, ಎದುರಿನ ದಾರಿ ತೆರವಾಗಿದೆಯೆಂದು ಕೇಳಿಕೊಂಡೇ ಹೊರಡಿ.