ಪಲ್ಪರ್ ಮನೆಗೆ ಕೌಂಟರ್ ಶಾಫ್ಟ್: ಲೆಕ್ಕ, ಡ್ರಾಯಿಂಗ್, ಫೈಲ್

ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರು. ಹಣ್ಣು ಬಂದ ದಿನವೇ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ತಿರುಗಬೇಕು. ಹಾಗಾಗಿ ಡೀಸೆಲ್ ಎಂಜಿನ್ ತೆಗೆದು ಮೋಟಾರನ್ನೂ, ಅದರ ತಿರುಗುವಿಕೆಯನ್ನು ಪಲ್ಪರಿಗೆ ದಾಟಿಸುವ ನಡುವಿನ ಕೌಂಟರ್ ಶಾಫ್ಟನ್ನೂ ಕೂರಿಸುವ ಕೆಲಸಕ್ಕೆ ನಾನು ಕುಯ್ಲಿನ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ: ಅಕ್ಟೋಬರ್‌ನಲ್ಲಿ ಟ್ರಯಲ್, ಸೆಪ್ಟೆಂಬರ್‌ನಲ್ಲಿ ಜೋಡಣೆ, ಆಗಸ್ಟ್‌ನಲ್ಲಿ ಲೇತ್ ಕೆಲಸ. ಕಾಂಕ್ರೀಟ್ ಪಾಯ ಮಾತ್ರ ಮಳೆ ಹಿಡಿಯುವ ಮೊದಲೇ ಮುಗಿಯಬೇಕು.

ಫೈಲಿನ ಮೊದಲ ಹಾಳೆ ಡ್ರಾಯಿಂಗ್ ಅಲ್ಲ, ಲೆಕ್ಕ. ಮೋಟಾರ್ 2 ಎಚ್‌ಪಿ, ಅಂದರೆ 1.5 ಕಿಲೋವ್ಯಾಟ್, 1440 ಆರ್‌ಪಿಎಂ. 3 ಇಂಚಿನ ಪುಲ್ಲಿಯಿಂದ 12 ಇಂಚಿಗೆ ಇಳಿಸಿದರೆ ಶಾಫ್ಟ್ ನಿಮಿಷಕ್ಕೆ 360 ಸುತ್ತು. ಟಾರ್ಕ್, ಅಂದರೆ ತಿರುಗಿಸುವ ಬಲ (9550 ಈ ಸೂತ್ರದ ಸ್ಥಿರಾಂಕ): 9550 × 1.5 ÷ 360, ಸುಮಾರು 40 ನ್ಯೂಟನ್ ಮೀಟರ್. ಇದರ ಕೆಳಗೇ ವೋಲ್ಟೇಜ್ ಬರೆಯುತ್ತೇನೆ. ಟಾರ್ಕ್ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ 415 ಇರಬೇಕಾದಲ್ಲಿ 340 ಬಂದರೆ ಸ್ಟಾರ್ಟಿಂಗ್ ಟಾರ್ಕ್ ಮೂರನೇ ಎರಡು ಭಾಗವಷ್ಟೇ ಉಳಿಯುತ್ತದೆ. ಡ್ರಮ್‌ನಲ್ಲಿ ಹಣ್ಣು ತುಂಬಿರುವಾಗ ಸ್ವಿಚ್ ಹಾಕಬೇಡಿ ಎಂಬ ಸೂಚನೆಗೆ ಕಾರಣ ಇದೇ. ಕಾರಣ ಬರೆಯದ ಸೂಚನೆಯನ್ನು ಯಾರೂ ಪಾಲಿಸುವುದಿಲ್ಲ.

ಬೆಲ್ಟ್ ವಿಷಯದಲ್ಲಿ ಎಡವುವವರು ಬಹಳ. ಸೆಂಟರ್ ದೂರ 20 ಇಂಚು ಇಟ್ಟು ಪುಲ್ಲಿಗಳ ಹೊರ ಅಳತೆಯಲ್ಲಿ ಲೆಕ್ಕ ಹಾಕಿದರೆ ಉದ್ದ 64.5 ಇಂಚು ಬರುತ್ತದೆ. ಅದು ಬೆಲ್ಟಿನ ಹೊರಸುತ್ತು. ಎ-ಸೆಕ್ಷನ್ ವಿ-ಬೆಲ್ಟಿನ ಮೇಲಿನ ನಂಬರ್ ಒಳಸುತ್ತಿನದು. ದಪ್ಪ 8 ಮಿ.ಮೀ. ಇರುವುದರಿಂದ 2π × 8, ಅಂದರೆ ಸುಮಾರು 2 ಇಂಚು ಕಳೆಯಬೇಕು. ಉಳಿಯುವ ಅರ್ಧ ಇಂಚು ಮೋಟಾರ್ ಸರಿಸಿದರೆ ಸರಿಹೋಗುತ್ತದೆ. ಪಾರ್ಟ್ಸ್ ಪಟ್ಟಿಯಲ್ಲಿ "ಎ-62, ಎರಡು" ಎಂದೇ ಬರೆಯಿರಿ. ಇಷ್ಟು ಸಣ್ಣ ಪುಲ್ಲಿಯಲ್ಲಿ ಒಂದೇ ಬೆಲ್ಟ್ ಈ ಲೋಡ್ ಎಳೆಯದು. ಬದಲಾಯಿಸುವಾಗಲೂ ಎರಡನ್ನೂ ಒಟ್ಟಿಗೆ. ಮೋಟಾರ್ ಹಿಂದೆ ಮುಂದೆ ಸರಿಯಲು ರೈಲಿನಲ್ಲಿ ಉದ್ದನೆಯ ಸ್ಲಾಟ್ ಬೇಕು.

ಶಾಫ್ಟ್ ಇಎನ್8 ಉಕ್ಕಿನದು, 25 ಮಿ.ಮೀ.; ಅದನ್ನು ಗ್ರಬ್ ಸ್ಕ್ರೂನಿಂದ ಹಿಡಿಯುವ ಯುಸಿಪಿ 205 ಬೇರಿಂಗ್. ಡ್ರಾಯಿಂಗಿನ ಮೂಲೆಯಲ್ಲಿ ಐಎಸ್ಒ 2768-ಎಂ (ಅಳತೆಯಲ್ಲಿ ಬಿಡಬಹುದಾದ ಸಾಮಾನ್ಯ ವ್ಯತ್ಯಾಸದ ಮಾನದಂಡ) ಎಂದು ಬರೆದು ಸುಮ್ಮನಾದರೆ 25ಕ್ಕೆ ±0.2 ಬಿಟ್ಟಂತಾಯಿತು. ಟರ್ನರ್ 24.8 ಕೊಟ್ಟರೆ ತಪ್ಪು ಅವರದಲ್ಲ. ಬೇರಿಂಗ್ ಕೂರುವ ಜಾಗಕ್ಕೆ ಸಣ್ಣಕ್ಷರದ h6, ಅಂದರೆ 0ಯಿಂದ −0.013 ಮಿ.ಮೀ., ಬೇರೆಯಾಗಿ ಬರೆಯಬೇಕು. ಸಡಿಲವಾದ ಶಾಫ್ಟನ್ನು ಗ್ರಬ್ ಸ್ಕ್ರೂ ಒಂದೇ ಬದಿಗೆ ಒತ್ತುತ್ತದೆ, ಶಾಫ್ಟ್ ವಾಲಾಡಿ ಸವೆಯುತ್ತದೆ. ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಕೀ 8 × 7 ಮಿ.ಮೀ. ಶಾಫ್ಟಿನಲ್ಲಿ 4 ಮಿ.ಮೀ. ಆಳ, ಪುಲ್ಲಿಯಲ್ಲಿ 3.3.

ಡ್ರಾಯಿಂಗನ್ನು ವಾಟ್ಸಾಪ್‌ನಲ್ಲಿ ಕಳಿಸುವ ಕಾಲ ಇದು. ಸ್ಕೇಲ್ ಇಟ್ಟು ಅಳೆಯುವವರೂ ಇದ್ದಾರೆ! ಎಲ್ಲ ಅಳತೆಯೂ ಅಂಕಿಯಲ್ಲಿರಲಿ. ಹೆಸರಿನ ಜೊತೆ ರಿವಿಷನ್ ಅಕ್ಷರ (ಮೊದಲದು ಎ, ತಿದ್ದಿದ್ದು ಬಿ) ಇರಲಿ. ಬಿ ಕಳಿಸಿದ ದಿನವೇ ಲೇತ್ ಅಂಗಡಿಯ ಗೋಡೆಯಲ್ಲಿರುವ ಎ ಪ್ರಿಂಟನ್ನು ವಾಪಸ್ ತರಬೇಕು.

ಟ್ರಯಲ್ ಹಾಳೆಯಲ್ಲಿ ಮೂರೂ ಫೇಸಿನ ಕರೆಂಟ್, ಆಗಿನ ವೋಲ್ಟೇಜ್, ಎರಡು ಗಂಟೆ ಓಡಿಸಿದ ಮೇಲೆ ಬೇರಿಂಗ್ ಬಿಸಿ. ಕೂರಿಸುವಾಗ ಬದಲಾದ ಅಳತೆಗಳನ್ನು ಅಲ್ಲೇ ಕೆಂಪು ಪೆನ್ನಿನಲ್ಲಿ ತಿದ್ದಿ, ಒಂದು ಪ್ರತಿ ಲ್ಯಾಮಿನೇಟ್ ಮಾಡಿ ಸ್ಟಾರ್ಟರ್ ಪಕ್ಕ ತೂಗುಹಾಕುತ್ತೇನೆ. ಪಲ್ಪರ್ ಮನೆಯ ತೇವಕ್ಕೆ ಬರೀ ಕಾಗದ ಒಂದು ಸೀಸನ್ ಬಾಳುವುದಿಲ್ಲ.