ಒಂದು ರಾತ್ರಿ ಹೊಲದಲ್ಲಿ ಟೆಂಟ್, ಮರುದಿನ ಆಲಮಟ್ಟಿ: ಮನೆಮಂದಿಯ ಪ್ರವಾಸಕ್ಕೆ ತಯಾರಿ

ಮಕ್ಕಳಿಗೆ ಪಾರ್ಕ್ ಬೇಕು, ದೊಡ್ಡವರಿಗೆ ಊರಾಚೆ ಒಂದು ರಾತ್ರಿ ಇರಬೇಕು. ವಿಜಯಪುರ, ಬಾಗಲಕೋಟೆಯವರು ಇವೆರಡನ್ನೂ ಒಂದೇ ಶನಿವಾರ-ರವಿವಾರದಲ್ಲಿ ಮುಗಿಸಬಹುದು. ಕೃಷ್ಣೆಯ ಆಣೆಕಟ್ಟಿನ ಹತ್ತಿರ ಉದ್ಯಾನಗಳಿರುವ ಆಲಮಟ್ಟಿ ಬೆಳಗಾವಿಯವರಿಗೆ ಸ್ವಲ್ಪ ದೂರ, ಆದರೂ ಬೆಳಗ್ಗೆ ಬೇಗ ಹೊರಟರೆ ಆಗುವ ಮಾತು.

ಇಂಥ ಪ್ರವಾಸ ಕೆಡುವುದು ಹೆಚ್ಚಾಗಿ ದಿನಗಳ ಸರದಿ ತಪ್ಪಿದಾಗ. ಹಗಲೆಲ್ಲ ಉದ್ಯಾನ ಸುತ್ತಿ, ಸಂಗೀತ ಕಾರಂಜಿ ನೋಡಿ, ರಾತ್ರಿ ಎಂಟೂವರೆಗೆ ಟೆಂಟಿನ ಚೀಲ ಬಿಚ್ಚಿದರೆ ಮೊಬೈಲ್ ಬೆಳಕಿನಲ್ಲಿ ಕಲ್ಲು ಯಾವುದು, ಮುಳ್ಳು ಯಾವುದು ಕಾಣುವುದಿಲ್ಲ. ಮಕ್ಕಳು ಹಸಿದು ಅಳುತ್ತಿರುತ್ತಾರೆ, ಅಜ್ಜಿ ಕಾರಿನಲ್ಲೇ ಕೂತಿರುತ್ತಾರೆ. ಆದ್ದರಿಂದ ಮೊದಲ ದಿನ ಟೆಂಟ್, ಎರಡನೆಯ ದಿನ ಪಾರ್ಕ್. ಡಿಸೆಂಬರ್‌ನಲ್ಲಿ ಸಂಜೆ 6ರ ಸುಮಾರಿಗೆ ಹೊತ್ತು ಮುಳುಗುತ್ತದೆ, ಅರ್ಧ ಗಂಟೆಯಲ್ಲಿ ಕತ್ತಲು. ಮಧ್ಯಾಹ್ನ 3:30ಕ್ಕೆ ಜಾಗ ಮುಟ್ಟಿದರೆ ಎಲ್ಲ ಕೆಲಸವೂ ಬೆಳಕಿನಲ್ಲೇ ಮುಗಿಯುತ್ತದೆ.

ಯಾವ ತಿಂಗಳು

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ. ಮಳೆಗಾಲ ಜೂನ್-ಜುಲೈಗೇ ಮುಗಿಯಿತು ಎಂದುಕೊಳ್ಳಬೇಡಿ, ವಿಜಯಪುರ ಕಡೆ ಸೆಪ್ಟೆಂಬರ್‌ನಲ್ಲೇ ಮಳೆ ಜೋರು, ಅಕ್ಟೋಬರ್‌ವರೆಗೂ ನೆಲ ಹಸಿ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸಂಜೆಯ ಅಡ್ಡಮಳೆ: ಹತ್ತು ನಿಮಿಷದ ಬಿರುಗಾಳಿ, ಗುಡುಗು, ಸಿಡಿಲು. ಸಿಡಿಲು ಶುರುವಾದರೆ ಟೆಂಟ್‌ನಲ್ಲೂ ಇರಬಾರದು, ಮರದ ಕೆಳಗೂ ನಿಲ್ಲಬಾರದು. ಎಲ್ಲರೂ ಕಾರು ಹತ್ತಿ ಗಾಜು ಏರಿಸಿ ಕೂರಬೇಕು.

ಗೋಕಾಕ ಫಾಲ್ಸ್ ತುಂಬಿ ಧುಮುಕುವುದನ್ನು ಇಲ್ಲವೇ ಆಲಮಟ್ಟಿ ಗೇಟಿನಿಂದ ನೀರು ಬಿಡುವುದನ್ನು ನೋಡುವ ಆಸೆಯಿದ್ದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಆದರೆ ಲಾಡ್ಜ್‌ನಲ್ಲಿ ಇರಿ. ಒಂದೇ ಸಲಕ್ಕೆ ಟೆಂಟು, ತುಂಬಿದ ನೀರು ಎರಡನ್ನೂ ಹಿಡಿಯಲು ಹೋಗಬೇಡಿ.

ಜಾಗ ಆರಿಸುವುದು

ಮೊದಲ ಸಲಕ್ಕೆ ನೆಂಟರ ಹೊಲವೇ ಎಲ್ಲಕ್ಕಿಂತ ಒಳ್ಳೆಯದು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೋಗುವ ಜಾಗವಾದರೆ ದಾರಿ ಗೊತ್ತು, ಬಾವಿ ಗೊತ್ತು, ಹತ್ತಿರ ಕರೆದರೆ ಓಗೊಡುವ ಮನುಷ್ಯರಿರುತ್ತಾರೆ. ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಐಹೊಳೆ ಸಂರಕ್ಷಿತ ಸ್ಮಾರಕಗಳು, ಅವುಗಳ ಆವರಣದಲ್ಲಿ ಟೆಂಟ್ ಹಾಕುವ ಮಾತೇ ಇಲ್ಲ. ಖಾನಾಪುರ ತಾಲೂಕಿನ ಭೀಮಗಡ ವನ್ಯಧಾಮ, ಅಲ್ಲಿ ಅನುಮತಿಯಿರುವ ಶಿಬಿರಗಳಲ್ಲಿ ಮುಂಗಡ ಬುಕಿಂಗ್ ಮಾಡಿಯೇ ಇರಬೇಕು. ಸ್ವಂತ ಟೆಂಟ್ ಹೊತ್ತು ಕಾಡಿಗೆ ನುಗ್ಗುವಂತಿಲ್ಲ.

ಹೊಲದ ಮಾಲೀಕರನ್ನು ಮೂರು ವಿಷಯ ಕೇಳಿ. ಕಾಡುಹಂದಿ ಬರದಂತೆ ಸುತ್ತಮುತ್ತ ಯಾರಾದರೂ ಬೇಲಿಗೆ ಕರೆಂಟ್ ಬಿಡುತ್ತಾರೆಯೇ? ಕಟ್ಟೆಯಿಲ್ಲದ ಬಾವಿ ಎಲ್ಲಿದೆ? ಕೃಷಿಹೊಂಡ ಇದೆಯೇ? ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ನೀರು ಬಿದ್ದರೆ ಪಾಚಿಗಟ್ಟಿ ಜಾರುತ್ತದೆ. ಈಜು ಬರುವ ಹುಡುಗನಿಗೂ ಅಲ್ಲಿ ಕೈಗೆ ಹಿಡಿತ ಸಿಗದು, ಮೇಲೆ ಬರಲಾಗದು. ಹೊಂಡ ಇದ್ದರೆ ಅದರಿಂದ ದೂರದ ಮೂಲೆಯಲ್ಲಿ ಇಳಿಯಿರಿ, ಸಾಧ್ಯವಾದರೆ ಬೇರೆ ಹೊಲವನ್ನೇ ನೋಡಿ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಮರಳು ನೋಡಲು ಚೆಂದ, ಮಲಗಲು ಅಲ್ಲ. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟರೆ ರಾತ್ರೋರಾತ್ರಿ ಮಟ್ಟ ಏರುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ದಂಡೆಯ ಗಿಡಗಂಟಿಗೆ ಕಸಕಡ್ಡಿ ಸಿಕ್ಕು ನಿಂತ ಗೆರೆ ಹುಡುಕಿ. ನೀರು ಹಿಂದೆ ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಅದಕ್ಕಿಂತ ಸಾಕಷ್ಟು ಮೇಲೆ ಇರಿ.

ಎರೆ ನೆಲದಲ್ಲಿ ಟೆಂಟ್ ನಿಲ್ಲಿಸುವುದು

ಅಂಗಡಿಯವರು ‘ನಾಲ್ಕು ಜನರ ಟೆಂಟ್’ ಎನ್ನುವುದು ನಾಲ್ವರು ಭುಜಕ್ಕೆ ಭುಜ ತಾಗಿಸಿ ಅಲುಗಾಡದೆ ಮಲಗುವ ಲೆಕ್ಕ, ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿದ್ದರೆ ಆರು ಜನರದ್ದು ತೆಗೆದುಕೊಳ್ಳಿ. ಹೊರಡುವ ಮುಂಚಿನ ವಾರ ಮನೆಯ ಮಾಳಿಗೆ ಮೇಲೆ ಒಮ್ಮೆ ಕಟ್ಟಿ ನೋಡಿ. ಅಲ್ಲಿ ಗೂಟ ಹೊಡೆಯಲಾಗದು, ಆದರೆ ಕೋಲು ಮುರಿದಿದೆಯೇ, ಜಿಪ್ಪು ಓಡುತ್ತದೆಯೇ, ಹಗ್ಗ ಎಷ್ಟಿವೆ ಎನ್ನುವುದು ತಿಳಿಯುತ್ತದೆ.

ನಮ್ಮ ಭಾಗದ ನೆಲ ಎರಡು ಥರ: ಕಪ್ಪು ಮಣ್ಣಿನ ಎರೆ, ಕೆಂಪು ಮಣ್ಣಿನ ಮಸಾರಿ. ಮಸಾರಿಯಲ್ಲಿ ಟೆಂಟ್ ಜೊತೆ ಬರುವ ತೆಳು ತಂತಿಯ ಗೂಟವೇ ಸಾಕು. ಎರೆ ಹೊಲದಲ್ಲಿ ಸಾಲದು. ಎರೆ ಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕಿಗೆ ಬಿದ್ದ ಗೂಟ ಕೈಯಲ್ಲೇ ಕಿತ್ತು ಬರುತ್ತದೆ. ಹಸಿಯಾದಾಗ ಉಬ್ಬಿ ಮೆತ್ತಗಾಗುತ್ತದೆ, ಆಗ ಗಾಳಿ ಬಂದರೆ ಗೂಟ ನಿಧಾನವಾಗಿ ಓರೆಯಾಗುತ್ತದೆ. ಇದಕ್ಕೆ ಒಂದು ಅಡಿ ಉದ್ದದ ಕಬ್ಬಿಣದ ಗೂಟ ಬೇಕು. ಕಮ್ಮಾರರ ಹತ್ತಿರ ಹೇಳಿ ಮಾಡಿಸಿದರೆ ಅಂಗಡಿಯದಕ್ಕಿಂತ ಗಟ್ಟಿ. ದನ ಕಟ್ಟುವ ಜಾಲಿ ಗೂಟವೂ ನಡೆಯುತ್ತದೆ. ಬಿರುಕಿನಿಂದ ಒಂದು ಗೇಣು ದೂರ, ತಲೆ ಟೆಂಟಿನಿಂದ ಆಚೆ ವಾಲುವಂತೆ ಓರೆಯಾಗಿ ಹೊಡೆಯಿರಿ. ಹಗ್ಗ ಎಳೆಯುವ ದಿಕ್ಕಿಗೂ ಗೂಟಕ್ಕೂ ನಡುವೆ ಕಾಟಕೋನ (90 ಡಿಗ್ರಿ) ಬಂದರೆ ಸರಿಯಾಗಿ ಕೂತಿದೆ. ಬಾದಾಮಿ ಕಡೆಯ ಬಂಡೆಯ ಮೇಲೆ ಗೂಟವೇ ಇಳಿಯುವುದಿಲ್ಲ. ಅಲ್ಲಿ ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಹಗ್ಗವನ್ನು ಅದಕ್ಕೆ ಕಟ್ಟಬೇಕು, ಒಂದು ಮೂಲೆಗೆ ಒಂದು ಚೀಲ.

ಹೊಲದಲ್ಲಿ ಕಣ ಇದ್ದರೆ ಅದೇ ಒಳ್ಳೆಯ ಜಾಗ: ಸಪಾಟು, ಗಟ್ಟಿ, ಮುಳ್ಳಿಲ್ಲ. ಆದರೆ ಬಣವಿಯಿಂದ ಕನಿಷ್ಠ 20 ಮೀಟರ್ ದೂರವಿರಿ. ಬಣವಿಯಲ್ಲಿ ಇಲಿ, ಇಲಿಯ ಹಿಂದೆ ಹಾವು, ಜೊತೆಗೆ ಚೇಳು. ಒಲೆಯ ಒಂದು ಕಿಡಿ ಹಾರಿದರೆ ವರ್ಷದ ಮೇವೇ ಹೋಗುತ್ತದೆ.

ಟೆಂಟ್ ಹಾಸುವ ಮುಂಚೆ ನೆಲವನ್ನು ಬರಿಗೈಯಿಂದ ಸವರಿ ನೋಡಬೇಕು. ಜಾಲಿ ಮುಳ್ಳು ಕಣ್ಣಿಗೆ ಬೀಳುವುದಕ್ಕಿಂತ ಕೈಗೆ ಬೇಗ ಸಿಗುತ್ತದೆ. ಆಮೇಲೆ ತಾಡಪತ್ರಿ. ಇದು ಟೆಂಟಿನ ತಳಕ್ಕಿಂತ ಪ್ರತಿ ಬದಿಗೂ ಎರಡು ಇಂಚು ಚಿಕ್ಕದಿರಬೇಕು, ದೊಡ್ಡದಿದ್ದರೆ ಅಂಚನ್ನು ಒಳಗೆ ಮಡಚಿ. ಹೊರಗೆ ಚಾಚಿದ ತಾಡಪತ್ರಿ ಮಳೆಯ ನೀರನ್ನೂ ಇಬ್ಬನಿಯನ್ನೂ ಹಿಡಿದು ನೇರ ನಿಮ್ಮ ಬೆನ್ನ ಕೆಳಗೆ ಹರಿಸುತ್ತದೆ. ‘ವಾಟರ್‌ಪ್ರೂಫ್ ಟೆಂಟ್ ಸೋರಿತು’ ಎನ್ನುವ ದೂರುಗಳಲ್ಲಿ ಬಹುಪಾಲು ಇದೇ. ಇನ್ನೊಂದು ಪಾಲು, ಚಳಿಯೆಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿಕೊಂಡವರದು. ಐದಾರು ಜನರ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಬೆಳಗಿನ ಜಾವ ಹನಿಯಾಗಿ ಉದುರುತ್ತದೆ. ಮೇಲಿನ ಕಿಂಡಿ ತೆರೆದೇ ಇರಲಿ.

ಚಳಿ ಬರುವುದು ಕೆಳಗಿನಿಂದ. ಗಾಳಿ ತುಂಬುವ ಹಾಸಿಗೆ ಮೆತ್ತಗೇನೋ ಇರುತ್ತದೆ, ಆದರೆ ಒಳಗಿನ ಗಾಳಿ ನೆಲದಷ್ಟೇ ತಣ್ಣಗಾಗುತ್ತದೆ, ಮುಳ್ಳು ಚುಚ್ಚಿದರೆ ನಡುರಾತ್ರಿ ನೆಲ ಹಿಡಿಯುತ್ತದೆ. ಮನೆಯ ಕೌದಿಗಳೇ ಇದಕ್ಕಿಂತ ಮೇಲು. ಒಬ್ಬರಿಗೆ ಕೆಳಗೆ ಎರಡು, ಮೇಲೆ ಒಂದು.

ಕಾರನ್ನು ಹೊಲದೊಳಗೆ ಇಳಿಸಬೇಡಿ. ಅರ್ಧ ಗಂಟೆ ಮಳೆ ಬಿದ್ದರೆ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಡಿ ನಿಂತಲ್ಲೇ ತಿರುಗುತ್ತದೆ, ಆಮೇಲೆ ಟ್ರ್ಯಾಕ್ಟರ್‌ಗೆ ಫೋನ್ ಮಾಡುವುದೊಂದೇ ದಾರಿ. ಗರಸಿನ ರಸ್ತೆಯ ಬದಿಗೆ, ಮುಖ ಊರ ಕಡೆಗಿರುವಂತೆ ನಿಲ್ಲಿಸಿ.

ಹಾವು, ಚೇಳು

ಕಟ್ಟುಹಾವು ರಾತ್ರಿ ಓಡಾಡುವಂಥದ್ದು, ನೆಲದ ಮೇಲಿನ ಹಾಸಿಗೆಗೆ ಬರುತ್ತದೆ. ಅದರ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಟೆಂಟಿನ ಜಿಪ್ಪು ಹಗಲಿನಿಂದಲೇ ಮುಚ್ಚಿರಲಿ. ಮಕ್ಕಳು ಒಳಗೆ-ಹೊರಗೆ ಓಡಾಡುತ್ತ ತೆರೆದು ಬಿಡುವ ಆ ಸಂಜೆಯ ಹೊತ್ತೇ ಅಪಾಯದ್ದು. ಚಪ್ಪಲಿ, ಬೂಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಿ, ಬೆಳಗ್ಗೆ ಜಾಡಿಸಿ ಹಾಕಿಕೊಳ್ಳಿ. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಕಡ್ಡಾಯ. ಬೆಳಗಿನ ಜಾವ ಯಾರಿಗಾದರೂ ಹೊಟ್ಟೆನೋವು, ಕಣ್ಣೆವೆ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಕಡಿತದ ಗುರುತು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಹಾವು ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಏನೂ ಬೇಡ. ಕಡಿದ ಕೈ-ಕಾಲು ಅಲುಗಿಸದೆ, ನಡೆಸದೆ, 108ಕ್ಕೆ ಕರೆ ಮಾಡಿ. ಹತ್ತಿರದ ಯಾವ ಸರಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷದ ಇಂಜೆಕ್ಷನ್ ಇದೆ ಎಂದು ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ನೀರು, ಬುತ್ತಿ

ಆರು ಜನ, ಒಂದು ರಾತ್ರಿ. ಕುಡಿಯಲು ಒಬ್ಬರಿಗೆ 3 ಲೀಟರ್, ಅಂದರೆ 20 ಲೀಟರಿನ ಒಂದು ಕ್ಯಾನ್. ಅಡುಗೆ, ಕೈತೊಳೆಯುವುದು, ಶೌಚಕ್ಕೆ ಇನ್ನೆರಡು. ಈ ಭಾಗದ ಅನೇಕ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ, ಗಡಸೂ ಹೌದು. ಮಕ್ಕಳ ಹೊಟ್ಟೆಗೆ ಹೊಸ ನೀರು ಒಗ್ಗುವುದೂ ಇಲ್ಲ. ಕುಡಿಯುವುದು ಮನೆಯ ನೀರೇ ಆಗಲಿ.

ಹೊಲದಲ್ಲಿ ಅಡುಗೆಯ ಆಟ ಕಡಿಮೆ ಇದ್ದಷ್ಟು ಸುಖ. ಕಡಕ್ ರೊಟ್ಟಿ ನೀರು ತಗುಲದಿದ್ದರೆ ವಾರಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಪುಂಡಿ ಪಲ್ಯ ಇದ್ದರೆ ರಾತ್ರಿಯೂಟ ಮುಗಿಯಿತು. ಸಿಹಿಗೆ ಶೇಂಗಾ ಹೋಳಿಗೆ ಒಯ್ಯಿರಿ. ಕಡಲೆಬೇಳೆಯ ಹೂರಣದಲ್ಲಿ ನೀರಿನಂಶ ಹೆಚ್ಚು, ಕಾರಿನ ಡಿಕ್ಕಿಯ ಸೆಕೆಯಲ್ಲಿ ಮರುದಿನಕ್ಕೆ ಹಳಸುತ್ತದೆ. ಬೆಳಗ್ಗೆ ಉಪ್ಪಿಟ್ಟಿಗೆ 3 ಲೋಟ ರವೆಯನ್ನು ಮನೆಯಲ್ಲೇ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು ಹಾಕಿ ಹುರಿದು, ಆರಿಸಿ ಡಬ್ಬಿಗೆ ತುಂಬಿ. ಹೊಲದಲ್ಲಿ ಅದೇ ಲೋಟದಲ್ಲಿ ಏಳೂವರೆ ಲೋಟ ನೀರು ಕುದಿಸಿ, ಉಪ್ಪು ಹಾಕಿ, ರವೆ ಸುರಿದರೆ ಐದು ನಿಮಿಷ. ಕರಿಬೇವು ಗರಿಗರಿ ಆಗುವಷ್ಟು ಹುರಿಯದಿದ್ದರೆ ಡಬ್ಬಿಯಲ್ಲಿ ತೇವ ಬಿಟ್ಟು ರವೆ ಮುಗ್ಗುತ್ತದೆ.

5 ಕೆ.ಜಿ. ಸಿಲಿಂಡರಿನ ಒಲೆ ಗಾಳಿಗೆ ಮರೆಯಾಗಿ, ಟೆಂಟಿನ ಹೊರಗೇ ಇರಬೇಕು. ಚಳಿಯೆಂದು ಒಲೆಯನ್ನಾಗಲಿ ಕೆಂಡವನ್ನಾಗಲಿ ಒಳಗೆ ತರಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ರಸ್ತೆ

ನವೆಂಬರ್‌ನಿಂದ ಕಬ್ಬಿನ ಕಾರ್ಖಾನೆಗಳು ನಡೆಯುವ ಕಾಲ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ಹಿಂದೆ ಲೈಟೂ ಇರದು, ರೇಡಿಯಂ ಪಟ್ಟಿಯೂ ಇರದು. ಪಂಕ್ಚರ್ ಆದರೆ ರಸ್ತೆಯ ಮೇಲೇ ನಿಲ್ಲುತ್ತವೆ. ಈ ದಾರಿಗಳಲ್ಲಿ ಕತ್ತಲಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಓಡಿಸಬೇಡಿ. ಕಾರಂಜಿ ಮುಗಿಯುವುದೇ ರಾತ್ರಿಯಾದ್ದರಿಂದ ಎರಡನೆಯ ರಾತ್ರಿಗೆ ಆಲಮಟ್ಟಿ ಇಲ್ಲವೇ ನಿಡಗುಂದಿಯಲ್ಲಿ ಒಂದು ರೂಮು ಮೊದಲೇ ಹೇಳಿಡಿ. ಎರಡನೆಯ ರಾತ್ರಿಯೂ ಟೆಂಟ್ ಎನ್ನುವ ಹುರುಪು ಹಿರಿಯರ ಸೊಂಟಕ್ಕೆ ಒಗ್ಗುವಂಥದ್ದಲ್ಲ.

ಆಲಮಟ್ಟಿಯಲ್ಲಿ

ಉದ್ಯಾನಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ನಡಿಗೆ ಬಹಳ. ಮಧ್ಯಾಹ್ನ ಒಂದರಿಂದ ಮೂರರವರೆಗೆ ರಾಕ್ ಗಾರ್ಡನ್‌ನ ಕಲ್ಲು ಕಾದಿರುತ್ತದೆ, ಆ ಹೊತ್ತು ಊಟ, ನೆರಳು, ನಿದ್ದೆ. ಮೂರೂವರೆಗೆ ರಾಕ್ ಗಾರ್ಡನ್, ಆಮೇಲೆ ದೋಣಿ, ಕತ್ತಲಾಗುವ ಹೊತ್ತಿಗೆ ಕಾರಂಜಿ. ದೋಣಿ ಟಿಕೆಟ್ ಸಂಜೆ ಬೇಗ ನಿಲ್ಲಬಹುದು, ಒಳಗೆ ಹೋಗುವಾಗಲೇ ಕೇಳಿ. ಮಗುವಿಗೆ ಲೈಫ್ ಜಾಕೆಟ್ ಹಾಕಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಸರಿದರೆ ಅಳತೆ ದೊಡ್ಡದು, ಬೇರೆ ಕೇಳಿ. ಕಾರಂಜಿಗೆ ಗಾಳಿ ಬರುವ ಬದಿಯಲ್ಲಿ ಕುಳಿತರೆ ತುಂತುರು ಮೈಮೇಲೆ ಬೀಳುವುದಿಲ್ಲ.

ದೊಡ್ಡ ಪಾರ್ಕ್‌ಗಳಿಗೆ ಹೋಗುವವರಿಗೆ

ಬಿಡದಿಯ ವಂಡರ್‌ಲಾಕ್ಕೆ ಕಾರಿಗಿಂತ ರಾತ್ರಿ ರೈಲು ಲೇಸು. ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ವಿಜಯಪುರ-ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ, ರಜೆಯ ಸೀಟು ಬೇಗ ಹೋಗುತ್ತವೆ. ಬೆಂಗಳೂರು ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊದಲ್ಲಿ ಚಲ್ಲಘಟ್ಟ, ಅಲ್ಲಿಂದ ಬಸ್ಸು ಇಲ್ಲವೇ ಆಟೊ. ರೈಲಿಳಿದ ದಿನವೇ ಪಾರ್ಕ್ ಮಾಡಿದರೆ ಮಕ್ಕಳು ಮಧ್ಯಾಹ್ನಕ್ಕೇ ಸುಸ್ತು, ಒಂದು ದಿನ ಬಿಟ್ಟು ಹೋಗಿ.

ಇಂಥ ಪಾರ್ಕ್‌ಗಳಲ್ಲಿ ಆಟಕ್ಕೆ ಬಿಡುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಬರಿಗಾಲಲ್ಲಿ ಅಳೆದು, ಯಾವ ಆಟ ಸಿಗುತ್ತದೆ, ಯಾವುದು ಇಲ್ಲ ಎಂದು ಮಗುವಿಗೆ ಮೊದಲೇ ಹೇಳಿಬಿಡಿ. ಸರದಿಯಲ್ಲಿ ಮುಕ್ಕಾಲು ಗಂಟೆ ನಿಂತು ಬಾಗಿಲಲ್ಲಿ ಬೇಡ ಎನಿಸಿಕೊಂಡ ಮಗುವನ್ನು ಸಮಾಧಾನ ಮಾಡುವುದು ಕಷ್ಟ. ತಿರುಗುವ ಆಟಗಳನ್ನು ಬೆಳಗ್ಗೆ ಹೊಟ್ಟೆ ಹಗುರ ಇರುವಾಗ ಮುಗಿಸಿ, ಬಿಸಿಲೇರಿದ ಮೇಲೆ ನೀರಿಗೆ ಇಳಿಯಿರಿ. ಸೀರೆ, ಹತ್ತಿ ಬಟ್ಟೆಗೆ ನೀರಿನಾಟದಲ್ಲಿ ಪ್ರವೇಶವಿಲ್ಲ. ಒಳಗಿನ ಅಂಗಡಿಯಲ್ಲಿ ದುಬಾರಿ, ನೈಲಾನ್ ಉಡುಪು ಊರಲ್ಲೇ ಕೊಳ್ಳಿ. ಗಾಜಿನ ಬಳೆ ಜಾರುಬಂಡಿಯಲ್ಲಿ ಒಡೆದರೆ ಹಿಂದೆ ಬರುವವರಿಗೂ ಗಾಯ. ಬಂಗಾರ ಮನೆಯಲ್ಲೇ ಇರಲಿ. ಚಿಕ್ಕವರ ತೋಳಿನ ಮೇಲೆ ಅಪ್ಪನ ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ, ನೀರಿಗಿಳಿದು ಬಂದ ಮೇಲೆ ಇನ್ನೊಮ್ಮೆ ತಿದ್ದಿ.

ಊರಿಗೆ ಬಂದ ದಿನವೇ ಟೆಂಟನ್ನು ಮಾಳಿಗೆ ಮೇಲೆ ಬಿಚ್ಚಿ ಹರವಬೇಕು, ಸುಸ್ತೆಂದು ಚೀಲದಲ್ಲೇ ಬಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಎರೆ ಮಣ್ಣನ್ನು ಹಸಿಯಿರುವಾಗ ಉಜ್ಜಿದರೆ ಬಟ್ಟೆಯೊಳಗೆ ಇಳಿಯುತ್ತದೆ, ಪೂರ್ತಿ ಒಣಗಿದ ಮೇಲೆ ಕೈಯಿಂದ ಬಡಿದು ಉದುರಿಸಿ. ಸೋಪಿನ ಪುಡಿ ಬೇಡ, ನೀರು ತಡೆಯುವ ಲೇಪನ ಹೋಗುತ್ತದೆ. ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಒಂದು ಕಡಿಮೆ ಬಂದರೆ ಹೊಲದವರಿಗೆ ಅವತ್ತೇ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಅದು ರಂಟೆ ಹೊಡೆಯುವಾಗ ಟ್ರ್ಯಾಕ್ಟರ್ ಟೈರಿಗೆ ಸಿಗುತ್ತದೆ.